ಕಂಬದ ಕೆಳಗೆ ನಿಂತವನು

ಸಂಸತ್ ಸದಸ್ಯನ ಮನೆಯ ಮುಂಗೋಣೆಯ ಮೇಜಿನ ಮೇಲೆ, ಕಾಗದಗಳು ಫ್ಯಾನಿನ ಗಾಳಿಗೆ ಹಾರದಂತೆ ಇಟ್ಟಿದ್ದ ಭಾರವೆಂದರೆ ಒಂದು ಹಳೆಯ ಪಿಂಗಾಣಿ ಫ್ಯೂಸು. ಅಂಗೈಯಷ್ಟು ಉದ್ದ, ಒಂದು ಮೂಲೆ ಚಕ್ಕೆ ಎದ್ದಿತ್ತು, ಎರಡೂ ತುದಿಯ ತಾಮ್ರ ಕಪ್ಪಾಗಿತ್ತು. ಅಹವಾಲು ಹೇಳಿಕೊಳ್ಳಲು ಬಂದವರು ಅದನ್ನು ನೋಡಿ ತಲೆದೂಗುತ್ತಿದ್ದರು. ಎಷ್ಟು ಮೇಲೆ ಹೋದರೂ ಮನುಷ್ಯ ಬಂದ ದಾರಿ ಮರೆತಿಲ್ಲ ಎಂದು ಒಬ್ಬ ಪತ್ರಕರ್ತ ಅದರ ಚಿತ್ರ ಹಾಕಿ ಬರೆದಿದ್ದ. ಬರೆದದ್ದು ತಪ್ಪು. ಅದು ಅವನು ನೆನಪಿಗೆಂದು ಉಳಿಸಿಕೊಂಡ ವಸ್ತುವಲ್ಲ, ಹಿಂದಿರುಗಿಸಲಾಗದೆ ಉಳಿದುಹೋದ ವಸ್ತು. ಅದರ ಪೂರ್ತಿ ಕತೆ ಗೊತ್ತಿದ್ದವರು ಅವನು, ಅವನ ಹೆಂಡತಿ, ಮತ್ತು ಹೆಂಡತಿಯ ಅಣ್ಣ.

ಊರಿನಲ್ಲಿ ಅವನನ್ನು ಗೂಟ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಭಾವ. ಆಗ ಅವನಿನ್ನೂ ಭಾವನಾಗಿರಲಿಲ್ಲ, ವಿದ್ಯುತ್ ಕಚೇರಿಯ ಹಳೆಯ ಲೈನ್‌ಮ್ಯಾನ್ ಅಷ್ಟೆ. ಗೂಟನ ಅಪ್ಪ ನೂಲಿನ ಗಿರಣಿಯ ಬಾಗಿಲು ಕಾಯುತ್ತಿದ್ದ, ಅಮ್ಮ ಅದೇ ಗಿರಣಿಯ ಒಳಗೆ ದಾರ ಸುತ್ತುತ್ತಿದ್ದಳು. ಶಾಲೆ ಮುಗಿಸಿದ ಮಗ ಕಂಬ ನೆಡುವ ಗುಂಡಿ ತೋಡುವ ಕೂಲಿಗೆ ಸೇರಿದ. ಕೆಲಸ ಕಾಯಂ ಆಗಬೇಕಾದರೆ ಕಂಬ ಹತ್ತಿ ತೋರಿಸಬೇಕಿತ್ತು. ಏಣಿಯ ಮೂರನೆಯ ಮೆಟ್ಟಿಲಲ್ಲೇ ಅವನ ತಲೆ ತಿರುಗಿತು. ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ ಕಂಬವನ್ನು ತಬ್ಬಿಕೊಂಡು ಕಣ್ಣುಮುಚ್ಚಿ ನಿಂತುಬಿಟ್ಟ. ಹಳೆಯ ಲೈನ್‌ಮ್ಯಾನೇ ಬಂದು ಒಂದೊಂದೇ ಕಾಲು ಹಿಡಿದು ಇಳಿಸಿದ.

"ಮದುವೆಯಾದ್ಮೇಲೆ ಹೆಂಡ್ತೀನ ಇಷ್ಟು ಬಿಗಿಯಾಗಿ ತಬ್ಬಿದ್ರೆ ಸಾಕು ಕಣೋ ನೀನು" ಎಂದವನು, ಇಂಜಿನಿಯರರ ಕಡೆ ತಿರುಗಿ, "ಇದು ಹತ್ತೋ ಸಾಮಾನಲ್ಲ ಸಾರ್, ನೆಡೋ ಸಾಮಾನು. ಗೂಟ. ನನ್ನ ಜೊತೆ ಕೆಳಗೆ ನಿಲ್ಲಿಸ್ಕೊಳ್ತೀನಿ ಬಿಡಿ" ಎಂದ.

ಕೆಳಗೆ ನಿಲ್ಲುವುದು ಕೆಲಸವೇ ಅಲ್ಲ ಎಂದು ತಿಳಿದವರುಂಟು. ಒಬ್ಬ ಕಂಬ ಹತ್ತುವ ಮುಂಚೆ ಇನ್ನೊಬ್ಬ ಆ ಓಣಿಯ ಪೆಟ್ಟಿಗೆಯಿಂದ ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ನೆಲದ ಮೇಲಿಡಬಾರದು, ಪೆಟ್ಟಿಗೆಯ ಮೇಲಿಡಬಾರದು. ಇಟ್ಟರೆ ದಾರಿಹೋಕ ಯಾವನಾದರೂ, ಉಪಕಾರ ಮಾಡುತ್ತೇನೆ ಅಂದುಕೊಂಡು, ಅದನ್ನು ತಿರುಗಿ ಸಿಕ್ಕಿಸಿಬಿಡುತ್ತಾನೆ. ಮೇಲಿದ್ದವನು ತಂತಿಗೆ ಅಂಟಿ ಸಾಯುತ್ತಾನೆ. ಅದಕ್ಕೆ ಜೇಬು. ಅದರ ಮೇಲೆ ಇವರಿಬ್ಬರದೇ ಒಂದು ಪದ್ಧತಿ ಬೆಳೆದಿತ್ತು. ಭಾವ ಇಳಿದು, ಸೊಂಟದ ಪಟ್ಟಿ ಬಿಚ್ಚಿ, ಬೆವರು ಒರೆಸಿಕೊಂಡು, ತಾನೇ ಗೂಟನ ಜೇಬಿಗೆ ಕೈಹಾಕಿ ಫ್ಯೂಸು ತೆಗೆಯುತ್ತಿದ್ದ. ಅದನ್ನು ಗೂಟನ ಅಂಗೈಯಲ್ಲಿಟ್ಟು "ಹಾಕು" ಎನ್ನುತ್ತಿದ್ದ. ಆ ಮಾತು ಬಾರದೆ ಗೂಟ ಯಾರು ಹೇಳಿದರೂ ಫ್ಯೂಸು ಹಾಕಿದವನಲ್ಲ.

ಯಾರು ಯಾರೋ ಹೇಳುತ್ತಿದ್ದರು. ಕರೆಂಟು ಹೋದ ಓಣಿಯ ಸಿಟ್ಟು ಮೇಲಿದ್ದವನಿಗೆ ಮುಟ್ಟುವುದಿಲ್ಲ, ಕೆಳಗೆ ನಿಂತವನಿಗೆ ಮುಟ್ಟುತ್ತದೆ. ಹಿಟ್ಟಿನ ಗಿರಣಿಯವನು ಬಂದು ಕೂಗಾಡುತ್ತಿದ್ದ. ಇಸ್ತ್ರಿಯವನು ತಣ್ಣಗಾದ ಪೆಟ್ಟಿಗೆಯನ್ನೇ ಹಿಡಿದು ಬಂದು ಮೂತಿಗೆ ತೋರಿಸುತ್ತಿದ್ದ. ಪಿಂಚಣಿದಾರರು ಕಾನೂನು ಹೇಳುತ್ತಿದ್ದರು. ಗೂಟ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಕೇಳುತ್ತ ಕೇಳುತ್ತ ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾವ ಬೀದಿಯಲ್ಲಿ ನೀರು ಬರುವುದಿಲ್ಲ, ಯಾವ ಶಾಲೆಯ ಮಾಡು ಸೋರುತ್ತದೆ ಎಂಬುದೆಲ್ಲ ಅವನಿಗೆ ತಿಳಿಯುತ್ತಿತ್ತು. ಬೈದು ಬೈದು ಸುಸ್ತಾದವರು ಕೊನೆಗೆ ಅವನ ಹತ್ತಿರವೇ ಕಷ್ಟಸುಖ ಹೇಳಿಕೊಂಡು ಹೋಗುತ್ತಿದ್ದರು. ಆದರೆ ಅವನು ನಿಂತ ಜಾಗ ಬಿಡುತ್ತಿರಲಿಲ್ಲ. ಒಮ್ಮೆ ಮಳೆ ಸುರಿದಾಗ ಎದುರಿನ ಅಂಗಡಿಯವನು, "ಲೋ, ಸೂರಿನ ಕೆಳಗಾದ್ರೂ ಬಾರೋ" ಎಂದು ಕರೆದ. "ಭಾವ ಮೇಲಿದಾರೆ" ಎಂದಷ್ಟೇ ಹೇಳಿ ನೆನೆಯುತ್ತ ನಿಂತ. ಅಷ್ಟರಲ್ಲಿ ಆ ಹಳೆಯ ಲೈನ್‌ಮ್ಯಾನ್ ನಿಜವಾಗಿಯೂ ಭಾವನಾಗಿದ್ದ. ಅವನ ಊಟದ ಡಬ್ಬಿ ಮನೆಯಲ್ಲೇ ಉಳಿದ ದಿನ ಅದನ್ನು ಕಂಬದ ಬುಡಕ್ಕೆ ತಂದುಕೊಟ್ಟವಳು ಅವನ ತಂಗಿ, ಆಸ್ಪತ್ರೆಯಲ್ಲಿ ನರ್ಸು. ಅವಳು ಎರಡು ಮಾತಾಡಿದರೆ ಗೂಟ ಒಂದೂ ಆಡದೆ ಕಂಬದ ತುದಿಯನ್ನೇ ನೋಡುತ್ತಿದ್ದನಂತೆ. "ನಿನ್ನ ಸ್ನೇಹಿತರಿಗೆ ಕತ್ತು ನೋವಾ ಅಣ್ಣ?" ಎಂದು ಅವಳು ಕೇಳಿದ್ದಳು. ಮದುವೆಗೆ ಅಷ್ಟೇ ಪೀಠಿಕೆ.

ವಿದ್ಯುತ್ ನೌಕರರ ಸಂಘದವರು ತಮ್ಮ ಪಕ್ಷದ ಟಿಕೆಟ್ ಕೊಡಿಸಿ ಅವನನ್ನು ಚುನಾವಣೆಗೆ ನಿಲ್ಲಿಸಿದ್ದು ಗೆಲ್ಲಲಿ ಎಂದಲ್ಲ. ಆ ಕ್ಷೇತ್ರದಲ್ಲಿ ಒಂದೇ ಮನೆತನದವರು ತಲೆತಲಾಂತರದಿಂದ ಗೆಲ್ಲುತ್ತಿದ್ದರು. ಸೋಲಲು ಯಾರಾದರೂ ಬೇಕಿತ್ತು, ಬೈಗುಳ ತಿಂದು ಅಭ್ಯಾಸವಿದ್ದವನು ಇವನು. ನೌಕರಿಗೆ ರಾಜೀನಾಮೆ ಕೊಟ್ಟು ನಿಂತ. ಸೋತ ಮೇಲೆ ಸಂಘದ ಕಚೇರಿಯಲ್ಲಿ ಕುರ್ಚಿ ಕೊಡುತ್ತೇವೆ ಎಂದು ಮಾತಾಗಿತ್ತು. ಯಾರೂ ಲೆಕ್ಕಕ್ಕೆ ತಂದುಕೊಳ್ಳದಿದ್ದ ಸಂಗತಿ ಒಂದಿತ್ತು: ಆ ಊರಿನ ಮತ್ತು ಸುತ್ತಲಿನ ಪೇಟೆಗಳ ಪ್ರತಿ ಓಣಿಯವರೂ ಒಂದಲ್ಲ ಒಂದು ದಿನ ಅವನನ್ನು ಬೈದಿದ್ದರು, ಅವನು ಜಾಗ ಬಿಡದೆ ನಿಂತದ್ದನ್ನು ನೋಡಿದ್ದರು.

ಮತ ಎಣಿಕೆಯ ದಿನ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಗಿರಣಿಯ ಹಿಂದಿನ ಓಣಿಯಲ್ಲಿ ತಂತಿ ಸುಟ್ಟಿತ್ತು. ಭಾವನ ಹೊಸ ಜೊತೆಗಾರ ಎಣಿಕೆ ನೋಡಲೆಂದು ರಜೆ ಹಾಕಿದ್ದ.

"ನಾನ್ ಬರ್ತೀನಿ ಭಾವ, ಕೆಳಗೆ ನಿಂತಿರ್ತೀನಿ."

"ನಿನ್ನ ಓಟು ಎಣಿಸ್ತಿದಾರಲ್ಲೋ?"

"ಎಣಿಸೋರು ಅವರು. ನನಗೇನು ಕೆಲಸ ಅಲ್ಲಿ?"

ನಿಯಮದ ಪ್ರಕಾರ ಅವನು ಪೆಟ್ಟಿಗೆ ಮುಟ್ಟುವಂತಿರಲಿಲ್ಲ. ಕೇಳುವವರು ಯಾರು? ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ, ಭಾವ ಹತ್ತಿದ. ಅರ್ಧ ಕೆಲಸವಾಗಿರಬೇಕು, ಓಣಿಯ ತುದಿಯಿಂದ ಜನ ಕೂಗುತ್ತ ನುಗ್ಗಿದರು. ಗೂಟ ಗೆದ್ದಿದ್ದ. ಅವರು ಅವನನ್ನು ಅನಾಮತ್ತಾಗಿ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. "ತಡೀರಿ, ಭಾವ ಮೇಲಿದಾರೆ" ಎಂದು ಅವನು ಹೇಳಿದ್ದು ನಿಜ. ಯಾರಿಗೂ ಕೇಳಿಸದಿದ್ದದ್ದೂ ನಿಜ. ಆದರೆ ಓಣಿಯ ತಿರುವಿನಲ್ಲಿ ಅವನನ್ನು ಕೆಳಗಿಳಿಸಿದರು. ಅಲ್ಲಿಂದ ಜೀಪಿನವರೆಗೆ ಅವನನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ. ಅಷ್ಟು ದೂರ ಅವನು ತನ್ನ ಕಾಲ ಮೇಲೆಯೇ ನಡೆದ, ನಗುತ್ತ ನಡೆದ. ಸಂಜೆಯ ರೈಲಿಗೆ ಪಕ್ಷದವರು ರಾಜಧಾನಿಗೆ ಕರೆದೊಯ್ದರು. ರೈಲಿನಲ್ಲಿ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದಾಗ ಪಿಂಗಾಣಿ ತಣ್ಣಗೆ ತಗುಲಿತು.

ಭಾವ ಅಷ್ಟನ್ನೂ ಮೇಲಿನಿಂದ ನೋಡಿದ್ದ. ಕೆಲಸ ಮುಗಿಸಿ ಇಳಿದು ಪೆಟ್ಟಿಗೆಯ ಪಕ್ಕ ನಿಂತ. ಹಾಕಲು ಫ್ಯೂಸಿಲ್ಲ. ಉಗ್ರಾಣದಿಂದ ಇನ್ನೊಂದು ತಂದರೆ ಆಗುತ್ತಿತ್ತು, ತರಲಿಲ್ಲ. "ತೆಗೆದವನು ಬರ್ಬೇಕು" ಎಂದು ಸಂಜೆಯವರೆಗೂ ನಿಂತ. ಓಣಿಯವರು ಬೈದರು. ಆ ದಿನ ಬೈಗುಳ ತಿನ್ನುವ ಪಾಳಿ ಅವನದಾಯಿತು. ಮರುದಿನ ಇಂಜಿನಿಯರರು ಬೇರೆಯವನನ್ನು ಕಳಿಸಿ ಹೊಸ ಫ್ಯೂಸು ಹಾಕಿಸಿದರು.

"ಅವರು ಗೆದ್ದದ್ದು ನನಗೆ ಸಂತೋಷವೇ" ಎಂದು ಅವನು ತಂಗಿಗೆ ಹೇಳಿದ. "ಹೋಗಲೇಬೇಕಿತ್ತು, ಹೋಗ್ಲಿ. ಆದ್ರೆ ನಾನು ಮೇಲಿದ್ದಾಗ ಹೋದ್ರು."

ಅವನ ಬಾಯಲ್ಲಿ ಗೂಟ ಅಂದಿನಿಂದ 'ಸದಸ್ಯರು' ಆದ. ತಂಗಿಯ ಮನೆಗೆ ಬರುವುದು ನಿಂತಿತು. ಕೆಲಸದಲ್ಲೂ ಒಂದು ಬದಲಾವಣೆ ಮಾಡಿಕೊಂಡ: ಫ್ಯೂಸನ್ನು ತಾನೇ ಕಿತ್ತು, ತನ್ನ ಜೇಬಿಗೇ ಹಾಕಿಕೊಂಡು ಹತ್ತತೊಡಗಿದ. ಜೊತೆಗಾರರು ಏಣಿ ಹಿಡಿಯುವುದಕ್ಕಷ್ಟೇ. ತಪ್ಪೆನ್ನುವಂತಿರಲಿಲ್ಲ, ಅಪಾಯವಂತೂ ಇರಲೇ ಇಲ್ಲ. ಆದರೆ ಕಚೇರಿಯಲ್ಲಿ ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು.

ಗೂಟ ಒಮ್ಮೆ ತನ್ನ ಆಪ್ತ ಸಹಾಯಕನ ಕೈಯಲ್ಲಿ ಫ್ಯೂಸನ್ನು ಕಳಿಸಿದ. ಅದು ಹೋದ ಕಾರಿನಲ್ಲೇ ಹಿಂದಿರುಗಿತು. "ತೆಗೆದೋರು ತಂದ್ಕೊಡ್ಲಿ ಅಂದ್ರು ಸಾರ್" ಎಂದ ಸಹಾಯಕ. ಇನ್ನೊಮ್ಮೆ ತಾನೇ ಹೋದ. ಹಿಂದೆ ಮುಂದೆ ಕಾರು, ಇಬ್ಬರು ಪೊಲೀಸರು, ಒಬ್ಬ ಛಾಯಾಗ್ರಾಹಕ. ಭಾವ ಹೊಸ್ತಿಲಲ್ಲೇ ನಿಂತು, "ಗೂಟಕ್ಕೆ ಗೂಟದ ಕಾರೇ ಬಂತಲ್ಲ, ಇನ್ನೇನು ಬೇಕು" ಎಂದು ನಕ್ಕು, ಎಲ್ಲರಿಗೂ ಟೀ ಕೊಡಿಸಿ ಕಳಿಸಿದ. ಅಷ್ಟು ಜನರ ಮುಂದೆ ಜೇಬಿಗೆ ಕೈ ಹಾಕಲು ಗೂಟನಿಗೂ ಮನಸ್ಸಾಗಲಿಲ್ಲ. ಆ ಮೇಲೆ ಫ್ಯೂಸು ಮೇಜಿನ ಮೇಲೆ ಕೂತಿತು.

ಸದಸ್ಯನ ಕೆಲಸವನ್ನು ಅವನು ಕೆಟ್ಟದಾಗಿ ಮಾಡಲಿಲ್ಲ. ಊರಿನಲ್ಲಿದ್ದ ದಿನ ಬೆಳಗಾಗುತ್ತಲೇ ಮುಂಗೋಣೆಯ ಬೆಂಚು ತುಂಬುತ್ತಿತ್ತು. ಆಸ್ಪತ್ರೆಯಲ್ಲಿ ಹಾಸಿಗೆ, ಶಾಲೆಯಲ್ಲಿ ಸೀಟು, ರೈಲ್ವೆ ಗೇಟಿನ ಹತ್ತಿರ ಕೆಳಸೇತುವೆ, ನಿಂತುಹೋದ ಬಸ್ಸು. ಕೆಲವಕ್ಕೆ ಅವನ ಮಾತು ನಡೆಯುತ್ತಿತ್ತು, ಹೆಚ್ಚಿನವಕ್ಕೆ ನಡೆಯುತ್ತಿರಲಿಲ್ಲ. ಆಗುವುದಿಲ್ಲ ಎನ್ನಲು ನಾಲಿಗೆ ಹೊರಳದೆ "ನೋಡೋಣ" ಎನ್ನುವುದನ್ನು ಕಲಿತ. ಬಂದವರು ಆ ಒಂದು ಮಾತನ್ನು ಮಡಿಲಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

"ನಿಮ್ಮ ನೋಡೋಣಕ್ಕಿಂತ ನಮ್ಮ ವಾರ್ಡಿನ ಗ್ಲೂಕೋಸ್ ವಾಸಿ ಕಣ್ರೀ, ಸ್ವಲ್ಪನಾದ್ರೂ ಒಳಗೆ ಹೋಗುತ್ತೆ" ಎನ್ನುತ್ತಿದ್ದಳು ಹೆಂಡತಿ. ಅವಳು ನೌಕರಿ ಬಿಟ್ಟಿರಲಿಲ್ಲ.

ರಾಜಧಾನಿಯಲ್ಲಿ ಸರಕಾರದ ಮನೆ. ಸೋಫಾ, ಕಪಾಟು, ಕನ್ನಡಿ, ಎಲ್ಲದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ಸಂಖ್ಯೆ. ಸದನದಲ್ಲಿ ಅವನ ಜಾಗ ಕೊನೆಯ ಸಾಲಿನಲ್ಲಿ, ಒಂದು ಕಂಬದ ಮಗ್ಗುಲಿಗೆ. ಮೊದಲ ದಿನ ಅದನ್ನು ನೋಡಿ ಒಬ್ಬನೇ ನಕ್ಕ, ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹೇಳಬೇಕಾದವನು ಬಹಳ ದೂರದಲ್ಲಿ ಯಾವುದೋ ತಂತಿ ಬಿಗಿಯುತ್ತಿದ್ದ. ಲೈನ್‌ಮ್ಯಾನ್‌ಗಳ ಸುರಕ್ಷತೆಯ ಬಗ್ಗೆ ಮಾತಾಡಲು ಅವಕಾಶ ಸಿಕ್ಕಿದ್ದು ಊಟದ ಬಿಡುವಿಗೆ ಸ್ವಲ್ಪ ಮುಂಚೆ. ಅರ್ಧ ಸದನ ಎದ್ದು ಹೋಗಿತ್ತು. ಅವನು ಬರೆದುಕೊಂಡದ್ದನ್ನು ಬಿಟ್ಟು, ಕೆಳಗೆ ನಿಂತವನ ಜೇಬಿನ ವಿಷಯ ಹೇಳತೊಡಗಿದ. ಮಾತು ಎತ್ತಲೋ ಹೋಯಿತು, ಸಮಯ ಮುಗಿದ ಗಂಟೆ ಹೊಡೆಯಿತು. ಮಂತ್ರಿಗಳು ಗಮನಿಸಲಾಗಿದೆ ಎಂದರು. ಒಳ್ಳೆಯ ಭಾಷಣವಲ್ಲ.

ಅವನಿಗೆ ಬರುತ್ತಿದ್ದ ವಿದ್ಯೆ ಭಾಷಣವಲ್ಲ, ನಿಲ್ಲುವುದು. ಇಂಧನ ಮಂತ್ರಿಯ ಕಚೇರಿಯ ಹೊರಗೆ ಅಧಿವೇಶನಗಳುದ್ದಕ್ಕೂ ನಿಂತ. ಕಾರ್ಯದರ್ಶಿಗಳು ಬದಲಾದರು, ಮಂತ್ರಿಯೂ ಬದಲಾದರು, ಇವನು ಹೋಗಲಿಲ್ಲ. ಕೊನೆಗೆ ಬೇಸತ್ತು ಮಂಜೂರು ಮಾಡಿದರು. ಅವನ ಕ್ಷೇತ್ರದ ಎಲ್ಲ ಓಣಿಗಳ ಹಳೆಯ ಫ್ಯೂಸಿನ ಪೆಟ್ಟಿಗೆ ಕಿತ್ತು, ಹೊಸ ಸ್ವಿಚ್ಚಿನ ಪೆಟ್ಟಿಗೆ ಕೂರಿಸುವುದು. ಹಿಡಿ ಕೆಳಗೆಳೆದು ಬೀಗ ಜಡಿದರೆ ಮುಗಿಯಿತು. ಕೀಲಿ ಇದ್ದವನು ಬಿಟ್ಟರೆ ಇನ್ನೊಬ್ಬ ಕರೆಂಟು ಕೊಡುವಂತಿಲ್ಲ. ಆ ಮೇಲೆ ಅಲ್ಲಿ ತಂತಿಗೆ ಅಂಟಿ ಯಾರೂ ಸಾಯಲಿಲ್ಲ. ಅವನ ಅವಧಿಯಲ್ಲಿ ನೆಟ್ಟಗೆ ಆದ ಕೆಲಸ ಅದೊಂದೇ ಎಂದರೂ ಸರಿಯೇ, ಅದು ದೊಡ್ಡ ಕೆಲಸ. ಗಿರಣಿಯ ಓಣಿಯಲ್ಲಿ ಹೊಸ ಪೆಟ್ಟಿಗೆ ಕೂತ ಸುದ್ದಿ ಬಂದ ದಿನ ಅವನು ಮೇಜಿನ ಮೇಲಿನ ಪಿಂಗಾಣಿಯನ್ನು ಕೈಯಲ್ಲಿ ತೂಗುತ್ತ ಕೂತಿದ್ದ. ಅದು ಸೇರುವ ಜಾಗ ಇನ್ನೆಲ್ಲೂ ಉಳಿದಿರಲಿಲ್ಲ.

ಅವಧಿ ಮುಗಿಯುತ್ತ ಬಂತು. ಮತ್ತೆ ಟಿಕೆಟ್ ಕೊಡುವುದೋ ಬಿಡುವುದೋ ಎಂದು ಪಕ್ಷದಲ್ಲಿ ಜಗ್ಗಾಟ ನಡೆದಿತ್ತು. ಅದೇ ತಿಂಗಳು ಭಾವನ ನಿವೃತ್ತಿ. ಒಂದು ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತ ಹೇಳಿದಳು:

"ಅಣ್ಣ ಇವತ್ತು ಗಿರಣಿ ಓಣೀಲಿ ಹತ್ತುತ್ತಾನಂತೆ. ಅದೇ ಕೊನೇ ಕಂಬ."

"ಯಾರು ಹೇಳಿದ್ರು?"

"ಅವನೇ. ನಿಮಗೆ ಹೇಳು ಅಂತೇನೂ ಅನ್ಲಿಲ್ಲ." ಇನ್ನೊಂದು ಚಪ್ಪಲಿ ಮೆಟ್ಟಿ ಸೇರಿಸಿದಳು, "ಹೇಳ್ಬೇಡ ಅಂತಾನೂ ಅನ್ಲಿಲ್ಲ."

ಮಧ್ಯಾಹ್ನ ಪಕ್ಷದ ಅಧ್ಯಕ್ಷರು ಫೋನು ಮಾಡುತ್ತಾರೆ, ಕೈಯಲ್ಲೇ ಇಟ್ಟುಕೊಂಡಿರಿ ಎಂದು ಸಹಾಯಕ ಹೇಳಿದ್ದ. ಗೂಟ ಫೋನನ್ನು ಒಂದು ಜೇಬಿಗೂ ಫ್ಯೂಸನ್ನು ಇನ್ನೊಂದು ಜೇಬಿಗೂ ಹಾಕಿಕೊಂಡು, ಕಾರು ಬೇಡವೆಂದು, ಪೊಲೀಸರನ್ನು ಗೇಟಿನಲ್ಲೇ ಕೂರಿಸಿ, ನಡೆದುಕೊಂಡು ಹೋದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಭಾವ ಕೀಲಿಯನ್ನು ತನ್ನ ಕೈಗೆ ಕೊಟ್ಟು ಹತ್ತಬೇಕು. ಒಂದು ಸಲ. ದಾರಿಯುದ್ದಕ್ಕೂ ಅವನು ಸಂಸತ್ತಿನ ಭಾಷಣಕ್ಕಿಂತ ಹೆಚ್ಚು ಶ್ರದ್ಧೆಯಿಂದ ಆ ಮಾತು ಜೋಡಿಸಿಕೊಂಡ.

ಭಾವ ಆಗಲೇ ಪಟ್ಟಿ ಬಿಗಿದು ನಿಂತಿದ್ದ. ಜೊತೆಗಾರ ಏಣಿ ಒರಗಿಸುತ್ತಿದ್ದ.

"ಏನು ಸದಸ್ಯರು ಈ ಕಡೆ? ಓಟಿಗೆ ಇನ್ನೂ ಟೈಮಿದೆಯಲ್ಲ."

"ಕೀಲಿ ನಾನು ಇಟ್ಕೊಳ್ತೀನಿ ಭಾವ."

ಜೋಡಿಸಿಕೊಂಡದ್ದರಲ್ಲಿ ಹೊರಬಂದದ್ದು ಅಷ್ಟೇ. ಭಾವ ಹಿಡಿ ಎಳೆದ, ಬೀಗ ಜಡಿದ, ಕೀಲಿಯನ್ನು ತನ್ನ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

"ಅದಕ್ಕೆ ಈಗ ಜನ ಬೇಕಾಗಿಲ್ಲ. ನೀವೇ ತರಿಸಿದ ಪೆಟ್ಟಿಗೆ, ನಿಮಗೆ ಗೊತ್ತಿರಬೇಕಲ್ಲ."

"ನಿಂತಿರ್ತೀನಿ."

"ರಸ್ತೆ ಸರ್ಕಾರದ್ದು."

ಹತ್ತಿದ. ಮೊದಲಿನ ಹಾಗೆ ಸರಸರನೆ ಅಲ್ಲ. ಪ್ರತಿ ಮೆಟ್ಟಿಲಲ್ಲೂ ಎರಡೂ ಪಾದ ಕೂಡಿಸಿ, ಒಂದು ಉಸಿರು ಬಿಟ್ಟು, ಮುಂದಿನದಕ್ಕೆ. ಗೂಟ ಪೆಟ್ಟಿಗೆಗೆ ಬೆನ್ನು ಕೊಟ್ಟು ಹಳೆಯ ಜಾಗದಲ್ಲೇ ನಿಂತ. ಕರೆಂಟು ಹೋಗಿ ಬೇಸತ್ತ ಹೆಂಗಸೊಬ್ಬಳು ಬಾಗಿಲು ತೆಗೆದು ಬೈಯಲು ಬಾಯಿ ತೆರೆದವಳು, ನಿಂತವನ ಗುರುತು ಹಿಡಿದು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಏಣಿ ಹಿಡಿದಿದ್ದವನು ಮುಖ ನೋಡಿದ. ಗೂಟ ಕಂಬದ ತುದಿಯಿಂದ ಕಣ್ಣು ಕೀಳಲಿಲ್ಲ. ಮೇಲೆ ಭಾವನ ಇಕ್ಕಳದ ಸದ್ದು, ಅದರ ನಡುನಡುವೆ ಅವನು ಮೂಗಿನಲ್ಲೇ ಏನೋ ಗುನುಗುವುದು. ಆ ಗುನುಗು ಗೂಟನಿಗೆ ಬಾಯಿಪಾಠವಾಗಿತ್ತು. ತಂತಿ ಗಂಟು ಬಿಗಿಯಾದಾಗ ನಿಲ್ಲುತ್ತಿತ್ತು. ನಿಂತಿತು.

ಭಾವ ಇಳಿದ. ಪಟ್ಟಿ ಬಿಚ್ಚಿದ, ಬೀಗ ತೆಗೆದು ಹಿಡಿ ಎತ್ತಿದ. ಯಾವುದೋ ಮನೆಯ ರೇಡಿಯೋ ಅರ್ಧ ಮಾತಿನಿಂದ ಶುರುವಾಯಿತು. ಬೆವರು ಒರೆಸಿಕೊಂಡು ತಿರುಗಿ ನೋಡಿದ.

"ಇನ್ನೂ ಇಲ್ಲೇ ಇದೀರಾ?"

"ನೀವು ಇಳೀಬೇಕಿತ್ತಲ್ಲ."

"ಫೋನು ಬಡ್ಕೋತಿತ್ತು."

"ಬಡ್ಕೊಳ್ಲಿ."

ಭಾವ ಹತ್ತಿರ ಬಂದ. ಅದು ತನ್ನದೇ ಜೇಬು ಎಂಬಂತೆ ಗೂಟನ ಜೇಬಿಗೆ ಕೈ ಹಾಕಿ ಫ್ಯೂಸು ತೆಗೆದ. ತಿರುಗಿಸಿ ನೋಡಿದ.

"ಮೂಲೆ ಯಾವಾಗ ಒಡೀತು?"

"ರೈಲಲ್ಲಿ ಬಿತ್ತು ಭಾವ, ಒಂದ್ಸಲ."

"ಒಂದು ಸಾಮಾನು ನೆಟ್ಟಗೆ ಇಟ್ಕೊಳ್ಳೋಕೆ ಬರಲ್ಲ ನಿನಗೆ."

ಗೂಟ ಅಂಗೈ ಚಾಚಿದ. ಇನ್ನುಳಿದದ್ದು ಆ ಒಂದು ಮಾತು. ಭಾವ ಚಾಚಿದ ಕೈಯನ್ನು ನೋಡಿದ, ಹೊಸ ಪೆಟ್ಟಿಗೆಯನ್ನು ನೋಡಿದ.

"ಎಲ್ಲಿ ಹಾಕ್ತೀಯಾ? ಇದ್ದ ಜಾಗ ನೀನೇ ತೆಗೆಸಿದೆ." ಸಿಟ್ಟಿರಲಿಲ್ಲ ಮಾತಿನಲ್ಲಿ. "ಒಳ್ಳೇ ಕೆಲಸವೇ ಮಾಡಿದೆ ಅನ್ನು." ಫ್ಯೂಸನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಜೊತೆಗಾರನಿಗೆ ಪಕ್ಕಕ್ಕೆ ಸರಿ ಎಂದು ಸನ್ನೆ ಮಾಡಿ, ಏಣಿಯ ಮುಂದಿನ ತುದಿ ಎತ್ತಿದ. "ಹಿಂದಿನದು ಹಿಡಿ."

ಗಾಡಿಯವರೆಗೂ ಇಬ್ಬರೂ ಏಣಿ ಹೊತ್ತು ನಡೆದರು. ಹಿಂದೆ ನಡೆಯುವವನಿಗೆ ಮುಂದಿನವನ ಕತ್ತು ಮಾತ್ರ ಕಾಣುತ್ತದೆ. ಆ ಕತ್ತಿನ ಕೂದಲು ಪೂರಾ ಬೆಳ್ಳಗಾಗಿತ್ತು, ಯಾವಾಗ ಆಯಿತೋ ಗೂಟನಿಗೆ ಗೊತ್ತಿರಲಿಲ್ಲ. ಗಾಡಿ ಇನ್ನಷ್ಟು ದೂರ ನಿಂತಿದ್ದರೆ ಆಗುತ್ತಿತ್ತು. ಏಣಿ ಕಟ್ಟಿಯಾದ ಮೇಲೆ ಭಾವ ಗಾಡಿ ಹತ್ತಿ ಕೂತ.

"ಭಾನುವಾರ ಮನೆಗೆ ಬನ್ನಿ ಭಾವ. ಅವಳಿಗೂ ರಜ."

ಗಾಡಿ ಹೊರಟಿತ್ತು. ಭಾವ ಕಿಟಕಿಯಿಂದ ಅವನ ಕಡೆ ನೋಡಿ ಹೇಳಿದ:

"ನೋಡೋಣ."

ಆ ಮಾತಿಗೆ ಬೆಲೆ ಎಷ್ಟೆಂದು ಊರಿನಲ್ಲಿ ಗೂಟನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವನು ಅಧ್ಯಕ್ಷರಿಗೆ ತಿರುಗಿ ಫೋನು ಮಾಡಲಿಲ್ಲವೆಂದಲ್ಲ, ಮಾಡಿದ. ಮನೆಗೆ ಹೋಗಿ, ಕೂತು, ನಿಧಾನವಾಗಿ ಮಾಡಿದ. ಅವರು ಏನು ಹೇಳಿದರೆಂಬುದು ಈ ಕತೆಗೆ ಸೇರಿದ್ದಲ್ಲ. ಫ್ಯಾನಿನ ಗಾಳಿಗೆ ಮೇಜಿನ ಕಾಗದಗಳು ನೆಲದ ತುಂಬ ಹರಡಿದ್ದವು. ಡ್ಯೂಟಿಯಿಂದ ಬಂದ ಹೆಂಡತಿ ಅವನ್ನು ಆಯ್ದು ಜೋಡಿಸಿ, ಮೇಲೆ ಒಂದು ಲೋಟ ಕವುಚಿಟ್ಟಳು.

ಭಾನುವಾರ ಬೆಳಿಗ್ಗೆ ಅಹವಾಲಿನವರು ಯಾರೂ ಬರುವುದಿಲ್ಲ. ಗೂಟ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಮುಂಗೋಣೆಯಲ್ಲಿ ತನ್ನ ಕುರ್ಚಿ ಬಿಟ್ಟು, ಬಂದವರು ಕೂರುವ ಬೆಂಚಿನ ಮೇಲೆ ಬಾಗಿಲಿಗೆ ಮುಖಮಾಡಿ ಕೂತ.